ಕುಬಸದ ದಿನ ಬಂದ ನಡುಕ

ಜನವರಿ 12, ಸೋಮವಾರ

ಇವತ್ತು ವೈವಾದಲ್ಲಿ ಸರ್ ಟೆಸ್ಟ್‌ಟ್ಯೂಬ್ ಹಿಡಿ ಎಂದರು. ಹಿಡಿದೆ. ಕೈ ಎಷ್ಟು ನಡುಗಿತೆಂದರೆ ಟ್ಯೂಬು ಸ್ಟ್ಯಾಂಡಿಗೆ ಬಡಿದು ಟಿಣಟಿಣ ಎಂದಿತು. "ಏನವಾ ಸಪ್ನಾ, ಪೂಜಿ ಗಂಟಿ ಬಾರಸಾಕ ಹತ್ತೀಯೇನು?" ಎಂದರು ಸರ್. ಹಿಂದಿನ ಬೆಂಚಿನವರು ನಕ್ಕರು. ಐದನೇ ಕ್ಲಾಸಿನಿಂದ ಬೆಳಗಾವಿಯ ಹಾಸ್ಟೆಲ್ಲಿನಲ್ಲಿ ಬೆಳೆದವಳು ನಾನು. ಹೆದರಿಕೆಯಾದರೆ ಇಂಗ್ಲಿಷೂ ಬರುವುದಿಲ್ಲ, ಕನ್ನಡವೂ ಬರುವುದಿಲ್ಲ. ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಅದಕ್ಕೇ ಬೈಲಹೊಂಗಲದ ಈ ಫಾರ್ಮಸಿ ಕಾಲೇಜು, ದಿನಾ ಮುರಗೋಡದಿಂದ ಬಸ್ಸು. ಆದರೆ ನಮ್ಮ ಓಣಿಯವರಿಗೆ ನಾನು ಆಗಲೇ ಡಾಕ್ಟರು. ಬಸ್ಸಿಳಿದರೆ ಸಾಕು, ಯಾರಾದರೊಬ್ಬರು ಮೊಣಕಾಲು ತೋರಿಸುತ್ತಾರೆ.

ಕಾಲೇಜು ಬಿಟ್ಟ ಮೇಲೆ ಆಸ್ಪತ್ರೆಗೆ ಹೋದೆ. ಅವ್ವ ಮತ್ತು ಶಿವಾನಿ ಅಕ್ಕ ಬೆಳಿಗ್ಗೆಯಿಂದ ಅಲ್ಲಿದ್ದರು. ಅಕ್ಕನಿಗೆ ಆರು ತಿಂಗಳು ತುಂಬಿದೆ, ಚೊಚ್ಚಲು. ಗಂಡನ ಮನೆ ಕಟಕೋಳದಿಂದ ಹೋದ ವಾರ ಬಂದಳು. ಗ್ಲೂಕೋಸ್ ನೀರು ಕುಡಿಸಿ, ಎರಡು ತಾಸು ಕೂರಿಸಿ ರಕ್ತ ತೆಗೆದಿದ್ದರಂತೆ. ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದರು.

"ಬಸರಿದ್ದಾಗ ಬರೋ ಸಕ್ಕರಿ ಬ್ಯಾನಿ ಇದು. ತಾಯಿ ರಕ್ತದಾಗಿನ ಸಕ್ಕರಿ ಕೂಸಿಗೂ ಹೋಗತೈತಿ. ಅದು ಒಳಗ ಬೇಕಾದ್ದಕ್ಕಿಂತ ದಪ್ಪ ಬೆಳಿತೈತಿ, ಹಡಿಯೂಮುಂದ ಭುಜ ಸಿಕ್ಕೊಂತೈತಿ. ಹುಟ್ಟಿದ ಮ್ಯಾಲೆ ಕೂಸಿನ ಸಕ್ಕರಿ ಒಮ್ಮೆಲೆ ಇಳಿತೈತಿ. ಹೆದರಬ್ಯಾಡ್ರಿ, ಹತೋಟ್ಯಾಗ ಇಟ್ಟರ ಏನೂ ಆಗಂಗಿಲ್ಲ. ನಿಮ್ಮ ಮನ್ಯಾಗ ಯಾರಿಗರೆ ಸಕ್ಕರಿ ಬ್ಯಾನಿ ಐತೇನ್ರಿ?"

"ಇಲ್ರಿ," ಎಂದಳು ಅವ್ವ. ಒಂದು ಚಣವೂ ತಡೆಯಲಿಲ್ಲ.

ನಮ್ಮ ವೀರಪ್ಪಜ್ಜನ ಕಾಲು ಮೊಣಕಾಲಿನವರೆಗೆ ತೆಗೆದದ್ದು ಸಕ್ಕರೆಯಿಂದಲೇ. ಊರಿಗೆಲ್ಲ ಟ್ರ್ಯಾಕ್ಟರಿಗೆ ಸಿಕ್ಕಿತು ಎಂದು ಹೇಳಿದ್ದಾರೆ. ಪಿಯುಸಿವರೆಗೂ ನಾನು ಅದನ್ನೇ ನಂಬಿದ್ದೆ. ಹಾಸ್ಟೆಲ್ಲಿನಲ್ಲಿ ಆ ಟ್ರ್ಯಾಕ್ಟರಿನ ಮೇಲೆ ಎಸ್ಸೆ ಬರೆದು ಪ್ರೈಜ್ ಕೂಡ ತಗೊಂಡಿದ್ದೆ.

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ಕಟಕೋಳದಾಗ ಗೊತ್ತಾಗಬಾರದು. ಲಗ್ನದ ಮಾತುಕತಿಗೆ ಬಂದಾಗ ಇಕಿ ಅತ್ತಿ ಮರೆವ್ವ ಮೊದಲ ಕೇಳಿದ್ದ ಇದು, ಮನ್ಯಾಗ ಸಕ್ಕರಿ ಐತೇನು ಅಂತ. ಇಲ್ಲ ಅಂದೇನಿ. ಈಗ ಐತಿ ಅಂದ್ರ ರೋಗದ ಮನಿತನ ಅಂತಾರ. ನಾಳೆ ನಿನ್ನ ಯಾರು ಮಾಡ್ಕೊತಾರ?"

"ಅವ್ವ, ಇದು ಬಯಾಲಜಿ. ಇದರಾಗ ನಾಚಿಕಿ ಏನೈತಿ?"

"ನಿನ್ನ ಬಯಾಲಜಿ ಬಾಜೂಕಿಡು."

ಅಕ್ಕ ನಡುವೆ ಕುಳಿತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈ ಸುಳ್ಳಿನಲ್ಲಿ ನಾನು ಮಾತ್ರ ಇರುವುದಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ.

ಜನವರಿ 28, ಬುಧವಾರ

ಅನ್ನ ಬಿಡಿಸಿ ಜೋಳದ ರೊಟ್ಟಿ ಕೊಟ್ಟದ್ದಾಯಿತು, ಅಂಗಳದಲ್ಲಿ ನಡೆಸಿದ್ದಾಯಿತು. ಸಕ್ಕರೆ ಇಳಿಯಲಿಲ್ಲ. ಇನ್ಸುಲಿನ್ ಶುರು. ಚುಚ್ಚುವವಳು ನಾನು. ಮೊದಲ ದಿನ ನನ್ನ ಕೈ ನೋಡಿ ಅಕ್ಕನೇ ನಕ್ಕಳು. "ಕೂಸಿಗೆ ಜೋಗುಳ ಹಾಡೂ ಹಂಗ ಆಡಸಬ್ಯಾಡ, ಚುಚ್ಚು." ಚುಚ್ಚಿದ ಮೇಲೆ ಅರ್ಧ ತಾಸಿನೊಳಗೆ ಊಟ ಆಗಲೇಬೇಕು, ಇಲ್ಲದಿದ್ದರೆ ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಎಂದು ಡಾಕ್ಟರಮ್ಮ ಮೂರು ಸಲ ಹೇಳಿದ್ದಾರೆ. ಅವ್ವನಿಗೆ ನಾನು ಆರು ಸಲ ಹೇಳಿದ್ದೇನೆ.

ಔಷಧಿ ಫ್ರಿಜ್ಜಿನಲ್ಲಿ, ಮೆಂತ್ಯೆ ಸೊಪ್ಪಿನ ಅಡಿಯಲ್ಲಿ ಇದೆ.

ಫೆಬ್ರವರಿ 7, ಶನಿವಾರ

ನಿನ್ನೆ ಅಕ್ಕನ ಕುಬಸ, ಅಂದರೆ ಸೀಮಂತ. ನಿನ್ನೆ ಬರೆಯಲು ಆಗಲಿಲ್ಲ.

ಕಟಕೋಳದಲ್ಲಿ ಆಗಬೇಕಾದ ಕಾರ್ಯ. ಬಸರಿಗೆ ಬಸ್ಸಿನ ಕುಲುಕಾಟ ಬೇಡ ಎಂದಿದ್ದಾರೆ ಅಂತ ಅವ್ವ ನೆವ ಹೇಳಿ ಇಲ್ಲಿಗೇ ತರಿಸಿದಳು. ಬೀಗರು ಹಸಿರು ಸೀರೆ, ಕುಬಸ ತಂದು ಉಡಿಸಿ, ಐದು ಮಂದಿ ಮುತ್ತೈದೆಯರು ಬಾಯಿಗೆ ಸಿಹಿ ಇಡುವ ತನಕ ಬಸುರಿ ಏನೂ ತಿನ್ನುವಂತಿಲ್ಲ. ಹನ್ನೊಂದಕ್ಕೆ ಅಕ್ಕನ ಗಂಡ ಸಚಿನ ಮಾವನ ಫೋನು. "ಬಂದ್ವಿ, ಬಂದ್ವಿ, ಮುರಗೋಡ ಮುಟ್ಟಿದಂಗ ತಿಳೀರಿ." ಮಂದಿ ಬಂದ ಮೇಲೆ ಸೂಜಿ ಹೊರಗೆ ತೆಗೆಯಲಾಗುವುದಿಲ್ಲ, ಈಗಲೇ ಹಾಕಿಬಿಡು ಎಂದಳು ಅವ್ವ. ಅವರು ಅರ್ಧ ತಾಸಿನೊಳಗೆ ಬಂದೇ ಬರುತ್ತಾರಲ್ಲ. ಹಾಕಿದೆ.

ಅವರು ಉಗರಗೋಳದ ಕಡೆ ತಿರುಗಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದರು. ಯಲ್ಲಮ್ಮನ ಭಂಡಾರವಿಲ್ಲದೆ ಕುಬಸ ಹೆಂಗ ಅಂತ ಮರೆವ್ವತ್ತಿಗೆ ದಾರಿಯಲ್ಲಿ ನೆನಪಾಯಿತಂತೆ. ಅರ್ಧ ತಾಸು ಹೋಯಿತು, ಒಂದು ತಾಸು ಹೋಯಿತು. "ಅವ್ವ, ಅಕ್ಕಗ ಒಂದು ಬಾಳಿಹಣ್ಣರೆ ಕೊಡು." "ಈಗ ಹೊಸ್ತಿಲದಾಗ ಬಂದ ನಿಂತ್ರ? ಅಪಶಕುನ ಮಾಡಬ್ಯಾಡ." ಅಕ್ಕನನ್ನೇ ಕೇಳಿದೆ. "ತಡಕೊಂತೇನಿ ಬಿಡು," ಎಂದಳು. ತುಟಿ ಬೆಳ್ಳಗಾಗಿತ್ತು.

ಅವರು ಬಂದರು. ಅಕ್ಕನನ್ನು ಮಣೆಯ ಮೇಲೆ ಕೂರಿಸಿದರು. ಮರೆವ್ವತ್ತಿ ಹಣೆ ತುಂಬ ಭಂಡಾರದ ಅರಿಶಿನ ಹಚ್ಚಿದರು. ಅದು ಬೆವರಿಗೆ ಕರಗಿ ಮೂಗಿನ ಮೇಲೆ ಹಳದಿಯಾಗಿ ಇಳಿಯತೊಡಗಿತು. ಕೈ ನಡುಗಿತು, ಆಮೇಲೆ ಮೈಯೆಲ್ಲ. ಹಸಿರು ಬಳೆಗಳು ಒಂದೇ ಸಮನೆ ಗಲಗಲ. ಕಣ್ಣು ಎಲ್ಲಿಯೋ ನೋಡುತ್ತಿತ್ತು.

"ಉಧೋ! ಉಧೋ!" ಎಂದು ಮರೆವ್ವತ್ತಿ ಕೂಗಿದರು. ಹೆಂಗಸರೆಲ್ಲ ಎದ್ದು ನಿಂತರು. "ಮೈಮ್ಯಾಲೆ ಬಂದಾಳ ತಾಯಿ! ಏನು ಬೇಕವಾ ನಿನಗ? ಬಾಯಿಬಿಟ್ಟು ಕೇಳವಾ!"

"ಹಸಿವು," ಎಂದಳು ಅಕ್ಕ. ನಾಲಿಗೆ ತೊದಲುತ್ತಿತ್ತು.

"ತಾಯಿ ಹಸದಾಳ! ಹೋಳಿಗಿ ತರ್ರಿ!"

ತುರುಕಿದರು. ಒಬ್ಬರಾದ ಮೇಲೊಬ್ಬರು, ಹೋಳಿಗೆ, ಸಜ್ಜಕ, ಬೆಲ್ಲದ ನೀರು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಕಣ್ಣು ತಿಳಿಯಾಯಿತು. "ಶಾಂತ ಆದ್ಲು," ಎಂದರು ಯಾರೋ. ಮರೆವ್ವತ್ತಿ, ಸೊಸೆಯನ್ನು ಹೆಸರು ಹಿಡಿದು ಕೂಡ ಕರೆಯದ ಮರೆವ್ವತ್ತಿ, ಬಗ್ಗಿ ಅಕ್ಕನ ಪಾದಕ್ಕೆ ಹಣೆ ಹಚ್ಚಿದರು.

ನಾನು ಅಡಿಗೆಮನೆಯಿಂದ ಸಕ್ಕರೆ ಡಬ್ಬಿ ಹಿಡಿದುಕೊಂಡು ಓಡಿ ಬಂದು ನಡುಮನೆಯಲ್ಲಿ ನಿಂತಿದ್ದೆ. ಹೈಪೋಗ್ಲೈಸೀಮಿಯಾ ಎಂಬ ಪದ ಬಾಯಿಯವರೆಗೆ ಬಂದಿತ್ತು. ಅವ್ವ ನನ್ನ ಕಡೆ ನೋಡಿದಳು. ಪಕ್ಕದ ಮನೆಯಾಕೆ ಪ್ರಸಾದ ಎಂದುಕೊಂಡು ಡಬ್ಬಿಯ ಮುಂದೆ ಕೈ ಒಡ್ಡಿದಳು.

ಒಂದು ಚಿಟಿಕೆ ಹಾಕಿದೆ. ಆಮೇಲೆ ಎಲ್ಲರೂ ಒಡ್ಡಿದರು.

ಫೆಬ್ರವರಿ 17, ಮಂಗಳವಾರ

ಮಂಗಳವಾರ, ಶುಕ್ರವಾರ ಮನೆ ತುಂಬ ಮಂದಿ. ಮಗನಿಗೆ ನೌಕರಿ ಸಿಗುತ್ತದೆಯೋ, ಬೋರಿನಲ್ಲಿ ನೀರು ಬೀಳುತ್ತದೆಯೋ ಎಂದು ಅಕ್ಕನನ್ನು ಕೇಳುತ್ತಾರೆ. ಅಕ್ಕ "ಆಗತೈತಿ ಹೋಗ್ರಿ" ಅನ್ನುತ್ತಾಳೆ. ತಂದ ಸಿಹಿ ಅವಳು ಬಾಯಿಗೆ ಹಾಕಿಕೊಳ್ಳದಿದ್ದರೆ ಅವರು ಏಳುವುದಿಲ್ಲ.

ಅಕ್ಕ ಸೂಜಿ ಬಿಟ್ಟು ಹತ್ತು ದಿನ. ದೇವರು ಬಂದ ಮೈಗೆ ಚುಚ್ಚಬಾರದಂತೆ. ಇವತ್ತು ಬಾಗಿಲು ಹಾಕಿಕೊಂಡು ಹೇಳಿಯೇಬಿಟ್ಟೆ.

"ಅಕ್ಕ, ಅವತ್ತು ಬಂದಾಕಿ ದೇವಿ ಅಲ್ಲ. ನಾ ಚುಚ್ಚಿದ್ದೆ, ನೀ ಉಂಡಿದ್ದಿಲ್ಲ. ಸಕ್ಕರಿ ಇಳಿದಿತ್ತು, ಅಷ್ಟ."

ಅವಳು ಕರದಂಟಿನ ತುಂಡು ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನನಗ ಗೊತ್ತಿಲ್ಲಂತ ತಿಳದೀಯೇನು? ಮೈ ನಂದು."

"ಮತ್ತ?"

"ಮತ್ತೇನು? ಎರಡು ವರ್ಷ ಆತು ಕಟಕೋಳಕ್ಕ ಹೋಗಿ. ಉಂಡ್ಯಾ ಅಂತ ಒಬ್ಬರು ಕೇಳಿಲ್ಲ ನನ್ನ. ಜ್ವರ ಬಂದಾಗ ನಾಟಕ ಅಂದಾಳ ಅತ್ತಿ. ಈಗ ದಿನಾ ಮುಂಜಾನೆ ಫೋನ್ ಮಾಡಿ ಊಟ ಆತೇನವಾ ತಾಯಿ ಅಂತಾಳ. ಸಕ್ಕರಿ ಬ್ಯಾನಿ ಅಂದ್ರ ಫೋನ್ ಬರತೈತೇನು? ನೀನ ಹೇಳು, ಕಲ್ತಾಕಿ ಅದಿ."

"ಕೂಸು, ಅಕ್ಕ..."

"ಕೂಸಿಗೂ ಅದ ಚಲೋ. ದೇವಿ ಕೊಟ್ಟ ಕೂಸು ಆದ್ರ ಎತ್ತಿಕೊಂತಾರ. ರೋಗದಾಕಿ ಕೂಸು ಆದ್ರ ತವರಮನಿಗೆ ಒಗೀತಾರ."

ಇದು ನಮ್ಮ ಸಿಲೆಬಸ್ಸಿನಲ್ಲಿ ಇಲ್ಲ.

ಮಾರ್ಚ್ 6, ಶುಕ್ರವಾರ

ಸ್ಕ್ಯಾನ್. ಕೂಸಿನ ಹೊಟ್ಟೆಯ ಅಳತೆ ತಿಂಗಳಿಗೆ ಮೀರಿ ಹೋಗಿದೆ. "ಇನ್ಸುಲಿನ್ ತಗೊಳಾಕ ಹತ್ತೀಯಿಲ್ಲೋ?" ಎಂದರು ಡಾಕ್ಟರಮ್ಮ. "ತಗೊಂತೇನ್ರಿ," ಎಂದಳು ಅಕ್ಕ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ತಲೆ ಆಡಿಸಿದೆ. ಯಾವ ಕಡೆ ಆಡಿಸಿದೆನೋ ನನಗೇ ಸರಿಯಾಗಿ ಗೊತ್ತಿಲ್ಲ.

ಬೆಳಗಾವಿಗೆ ಹೋಗಿ, ದೊಡ್ಡ ಆಸ್ಪತ್ರೆಯಲ್ಲಿ ಮೊದಲೇ ಅಡ್ಮಿಟ್ ಆಗಿ, ಆಪರೇಷನ್ನಿಗೂ ತಯಾರಿರಿ ಎಂದಿದ್ದಾರೆ. ಅವ್ವ ಫೋನಿನಲ್ಲಿ ಹೇಳಿದರೆ ಮರೆವ್ವತ್ತಿಯ ದನಿ ಪಡಸಾಲೆಯವರೆಗೂ ಕೇಳಿಸಿತು. "ಬೀಗತ್ಯಾರ, ತಾಯಿ ಬಂದ ಹೊಟ್ಟಿಗೆ ಕತ್ತಿ ಹಾಕಸ್ತೀರೇನು? ನಿಮಗ ಬುದ್ಧಿ ಐತಿಲ್ಲ?"

ಅವ್ವನಿಗೆ ಈಗ ಹಿಂದೆಯೂ ದಾರಿ ಇಲ್ಲ, ಮುಂದೆಯೂ ಇಲ್ಲ. ಪಾಪ ಅನ್ನಿಸಿತು.

ಮಾರ್ಚ್ 15, ರವಿವಾರ

ಸಚಿನ ಮಾವ ಬಂದಿದ್ದರು. ಮೋಟರ್ ವೈಂಡಿಂಗ್ ಮಾಡುವವರು, ಕೈಯಲ್ಲಿ ಯಾವಾಗಲೂ ವಾರ್ನಿಶ್ ವಾಸನೆ. ಹಿತ್ತಲಲ್ಲಿ ಕೈತೊಳೆಯುವಾಗ ನನ್ನನ್ನು ಕರೆದರು.

"ಸಪ್ನಾ, ನೀ ಸೈನ್ಸ್ ಕಲತಾಕಿ. ನಾ ಎಂಟನೇತ್ತಾಕ ಸಾಲಿ ಬಿಟ್ಟಾಂವ. ಆದ್ರೂ ನನಗ್ಯಾಕೋ... ನಮ್ಮ ಕಾಕಾಗ ಸಕ್ಕರಿ ಇಳಿದಾಗ ಹಿಂಗ ನಡುಗತಿದ್ದ. ಖರೇ ಹೇಳು. ಅವತ್ತು ಬಂದಾಕಿ ದೇವಿನ ಏನು? ಏನರೆ ಬ್ಯಾನಿ ಇದ್ರ ಹೇಳು, ಅವ್ವನ್ನ ನಾ ಸಮಾಳಸ್ತೇನಿ. ಇವತ್ತ ಬೆಳಗಾವಿಗೆ ಕರಕೊಂಡು ಹೋಗತೇನಿ."

ನೀರು ಬೀಳುತ್ತಲೇ ಇತ್ತು. ನಲ್ಲಿ ಬಂದ್ ಮಾಡಿರಲಿಲ್ಲ ಅವರು. ಅಡಿಗೆಮನೆಯ ಕಿಟಕಿಯಲ್ಲಿ ಅವ್ವನ ಸೆರಗು ಕಾಣುತ್ತಿತ್ತು. ಅಕ್ಕ ಕಟ್ಟೆಯ ಮೇಲೆ ಕುಳಿತು ಗಂಡ ತಂದ ಕಲ್ಲಂಗಡಿ ತಿನ್ನುತ್ತಿದ್ದಳು. ಅವರೇ ಕೊಯ್ದು, ಬೀಜ ತೆಗೆದು ಕೊಟ್ಟಿದ್ದರು.

"ದೇವೀನ ರಿ ಮಾವ," ಎಂದೆ.

ಅವರ ಮುಖ ಹಗುರಾಯಿತು. ಅದನ್ನು ನೋಡಿ ನನಗೂ ಹಗುರಾಯಿತು. ಒಬ್ಬ ಮನುಷ್ಯನಿಗೆ ಸಮಾಧಾನ ಕೊಡುವುದು ತಪ್ಪೇನಲ್ಲ.

ಮಾರ್ಚ್ 16, ಸೋಮವಾರ

ಇಂಟರ್ನಲ್ಸ್ ಇತ್ತು. ಪರವಾಗಿಲ್ಲ.

ಏಪ್ರಿಲ್ 8, ಬುಧವಾರ

ಆಸ್ಪತ್ರೆ. ಬೆಳಗಾವಿಗಲ್ಲ, ಬೈಲಹೊಂಗಲಕ್ಕೇ ಬಂದೆವು. ಹೆರಿಗೆ ಬ್ಯಾನಿ ಬೆಳಗಿನಿಂದ. ಮರೆವ್ವತ್ತಿ ಬಾಗಿಲ ಹೊರಗೆ ಭಂಡಾರದ ಚೀಲ ಹಿಡಿದು ಕುಳಿತಿದ್ದಾರೆ. ಅಕ್ಕನ ದನಿ ಗೊತ್ತಾಗುತ್ತಿಲ್ಲ. ಅದು ಅವಳದೇ ಹೌದೋ ಅಲ್ಲವೋ. ತಲೆ ಬಂತಂತೆ. ಭುಜ ಬರುತ್ತಿಲ್ಲವಂತೆ.

ಏಪ್ರಿಲ್ 10, ಶುಕ್ರವಾರ

ಗಂಡು. ನಾಲ್ಕೂವರೆ ಕಿಲೋ ದಾಟಿದೆ. ಮೊನ್ನೆ ಆಯಾ ಹೊರಗೆ ತಂದಾಗ ವರಾಂಡದವರೆಲ್ಲ ಎದ್ದು ಬಂದು ನೋಡಿದರು. ಗುಂಡು ಕೆನ್ನೆ, ಮೂರು ಮಡಿಕೆಯ ಕುತ್ತಿಗೆ. "ಭೀಮಸೇನ ಹುಟ್ಯಾನ!" ಎಂದು ಮರೆವ್ವತ್ತಿ ಎಲ್ಲರಿಗೂ ಪೇಢೆ ಹಂಚಿದರು. ಎಡಗೈ ಮೈಗೆ ಅಂಟಿಕೊಂಡು ಒಳಕ್ಕೆ ತಿರುಗಿ ಬಿದ್ದಿತ್ತು. ಪೇಢೆ ತಿನ್ನುತ್ತ ಯಾರೂ ಅದನ್ನು ನೋಡಲಿಲ್ಲ.

ಒಳಗೆ ಅಕ್ಕನಿಗೆ ರಕ್ತ ನಿಲ್ಲುತ್ತಿರಲಿಲ್ಲ. ಡಾಕ್ಟರಮ್ಮ, ನರ್ಸ್, ಎಲ್ಲರೂ ಅಲ್ಲೇ. "ಕೂಸಿನ ಸಕ್ಕರಿ ಕಡಿಮಿ ಐತಿ, ಈಗ ಹಾಲು ತರತೇನಿ, ನಡುಗಿದ್ರ ನನ್ನ ಕರೀರಿ," ಎಂದು ನರ್ಸ್ ನನಗೆ ಹೇಳಿ ಒಳಗೆ ಓಡಿದ್ದಳು. ನನಗೇ ಹೇಳಿದ್ದಳು.

ಮರೆವ್ವತ್ತಿಯ ತೊಡೆಯ ಮೇಲೆ ಕೂಸು ನಡುಗತೊಡಗಿತು. ಮೊದಲು ಗಲ್ಲ, ಆಮೇಲೆ ಬಲಗೈ, ಆಮೇಲೆ ಎರಡೂ ಕಾಲು. ಎಡಗೈ ಮಾತ್ರ ಸುಮ್ಮನೆ.

"ನೋಡ್ರಿ, ನೋಡ್ರಿ! ಕೂಸಿನ ಮೈಮ್ಯಾಲೂ ಬಂದ್ಲು! ಉಧೋ!" ಕೈಚೀಲಕ್ಕೆ ಕೈ ಹಾಕಿ ಅದರ ಹಣೆಗೆ ಭಂಡಾರ ಹಚ್ಚಿದರು. ಅವ್ವ ಕೈ ಮುಗಿದಳು. ಅವ್ವನಿಗೆ ಗೊತ್ತಿತ್ತು, ಆದರೂ ಮುಗಿದಳು. ಸಚಿನ ಮಾವ ನನ್ನ ಮುಖ ನೋಡಿದರು. ನಾನು ಹೇಳಿದ್ದೆನಲ್ಲ, ದೇವಿ ಎಂದು. ಅದೇ ಮುಖ ನೋಡಿ ಅವರೂ ಕೈ ಮುಗಿದರು.

ನಾನು ಹೋಗಿ ನರ್ಸನ್ನು ಕರೆದೆ. ಹೋದೆ ಅನ್ನುವುದು ಖರೆ. ಆದರೆ ಓಡಿದ್ದರೆ ಅವರಿಗೆ ಸಂಶಯ ಬರುತ್ತಿತ್ತು, ಅದಕ್ಕೇ ಮಂದಿ ಸ್ವಲ್ಪ ಸುಮ್ಮನಾಗುವ ತನಕ ನಿಂತು, ನೀರಿನ ಬಾಟಲಿ ತರುವವಳ ಹಾಗೆ ಎದ್ದು ಹೋದೆ. ಬರುವಷ್ಟರಲ್ಲಿ ಕೂಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಮೈ ಬಿಲ್ಲಿನಂತೆ ಸೆಟೆದಿತ್ತು. ನರ್ಸ್ ಮರೆವ್ವತ್ತಿಯ ಕೈಯಿಂದ ಕಿತ್ತುಕೊಂಡಳು. ಅವಳ ಬಿಳಿ ಕೋಟಿನ ಮೇಲೆ ಹಳದಿ ಬೆರಳಿನ ಗುರುತುಗಳು.

ಡಾಕ್ಟರಮ್ಮ ಹೊರಗೆ ಬಂದು ನನ್ನನ್ನು ಬದಿಗೆ ಕರೆದು ದನಿ ಇಳಿಸಿ ಕೇಳಿದರು. ಮೊಣಕೈವರೆಗೆ ರಕ್ತ. "ಸೂಜಿ ಯಾವಾಗ ಬಿಟ್ಲು ಈಕಿ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಮ್ಮೆಯೂ ತಡವರಿಸದೆ, ಹಾಸ್ಟೆಲ್ಲಿನ ಡಿಬೇಟಿನಲ್ಲೂ ಅಷ್ಟು ನೆಟ್ಟಗೆ ಬಂದಿರಲಿಲ್ಲ. ಶಿ ಸ್ಟಾಪ್ಡ್ ಇನ್ ಫೆಬ್ರವರಿ, ಮ್ಯಾಮ್. ಆಫ್ಟರ್ ದಿ ಫಂಕ್ಷನ್.

ಅವರು ನನ್ನನ್ನೇ ನೋಡಿದರು. "ನಿನಗ ಗೊತ್ತಿತ್ತು. ನನ್ನ ಮುಂದ ತಲಿ ಆಡಿಸಿದ್ದಿ."

ನಾನು ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡಿದೆ.

"ಈಗ ಹೇಳಿದ್ದನ್ನ ಕನ್ನಡದಾಗ ಹೇಳು. ಅಲ್ಲೇ ಕುಂತಾರಲ್ಲ, ಅವರಿಗೆ ಹೇಳು." ಅಷ್ಟರಲ್ಲಿ ಒಳಗಿನಿಂದ ಕರೆದರು. ಕೂಸನ್ನು ಬೆಳಗಾವಿಗೆ ಒಯ್ಯಲು ಆಂಬುಲೆನ್ಸ್ ಬಂದಿತ್ತು. ಅವರು ಹೋದರು.

"ಏನಂದ್ಲವಾ ಡಾಕ್ಟರು?" ಎಂದರು ಮರೆವ್ವತ್ತಿ.

"ಕೂಸು ಭಾಳ ದಪ್ಪ ಇತ್ತಂತ್ರಿ ಅತ್ತಿ. ದೇವಿ ಇದ್ದದ್ದಕ್ಕ ಉಳೀತಂತ."

"ಫೆಬ್ರವರಿ ಅಂದ್ಯಲ್ಲ, ಏನದು?" ಸಚಿನ ಮಾವ.

"ಫೆಬ್ರವರಿ ಸ್ಕ್ಯಾನ್ ರಿಪೋರ್ಟ್ ಕೇಳಿದ್ರು ಮಾವ."

ಇಷ್ಟೆಲ್ಲದರಲ್ಲೂ ಅಕ್ಕ ಬದುಕಿದಳು. ಅದೊಂದು ದೊಡ್ಡದು.

ಮೇ 17, ರವಿವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಕೂಸು ಬೆಳಗಾವಿಯಿಂದ ಬಂದು ಮೂರು ವಾರ. ಎಡಗೈ ಎತ್ತುವುದಿಲ್ಲ. ಭುಜದ ನರ ಜಗ್ಗಿದೆಯಂತೆ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿ, ಬಂದರೆ ಬರಬಹುದು. ಸೆಳವು ಬಂದು ಹೋದ ತಲೆ ಹೆಂಗಿದೆ ಎಂಬುದು ಕೂಸು ಕೂಡುವ, ಮಾತಾಡುವ ಹೊತ್ತಿಗೆ ಗೊತ್ತಾಗಬೇಕು. ಅಲ್ಲಿಯವರೆಗೆ ಯಾರೂ ಏನೂ ಹೇಳುವುದಿಲ್ಲ.

ಕಟಕೋಳದಿಂದ ಈಗ ಫೋನಿಲ್ಲ. ಕೈ ನೋಡಿದ ದಿನ ಮರೆವ್ವತ್ತಿ ಅಂದರು, "ತಾಯಿ ಬಂದಾಗ ನಿಮ್ಮ ಮನ್ಯಾಗ ಏನೋ ಮುಡಚಟ್ಟ ಮೈಲಿಗಿ ಮಾಡೀರಿ. ಅದಕ್ಕ ಕೈ ಕಸಗೊಂಡಾಳ." ಅಷ್ಟು ಹೇಳಿ ಬಸ್ಸು ಹತ್ತಿದರು. ಮಂಗಳವಾರ, ಶುಕ್ರವಾರ ಯಾರೂ ಬರುವುದಿಲ್ಲ. ದೇವಿ ಇಳಿದು ಹೋದಳು ಎಂದು ಓಣಿಯವರೇ ತೀರ್ಮಾನ ಮಾಡಿದ್ದಾರೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಉಂಡಳೋ ಇಲ್ಲವೋ, ಅವ್ವ ಕೇಳುವುದಿಲ್ಲ. ನನಗಂತೂ ಓದುವುದಿದೆ.

ಹಡೆದು ಆರು ವಾರಕ್ಕೆ ಅವಳ ಸಕ್ಕರೆ ಮತ್ತೆ ನೋಡಬೇಕು, ಇಂಥವರಿಗೆ ಅದು ಹೋಗದೇ ಉಳಿಯಬಹುದು ಎಂದಿದ್ದರು. ಮೊನ್ನೆ ಅಕ್ಕನೇ ಕೇಳಿದಳು. "ಸಪ್ನಾ, ನನ್ನ ದವಾಖಾನಿಗೆ ಕರಕೊಂಡು ಹೋಗತೀಯೇನ? ರಾತ್ರಿ ಭಾಳ ನೀರಡಿಸತೈತಿ." ಪರೀಕ್ಷೆ ಮುಗೀಲಿ ಅಕ್ಕ ಎಂದೆ. ಆಯ್ತು ಎಂದಳು.

ಇವತ್ತು ಉಗರಗೋಳದವರು ಬಂದಿದ್ದರು, ನನ್ನನ್ನು ನೋಡಲು. ಗುಡ್ಡದ ಕೆಳಗೆ ಕಾಯಿಕರ್ಪೂರದ ಎರಡು ಅಂಗಡಿ, ಒಬ್ಬನೇ ಮಗ, ಹೆಸರು ಸುನೀಲ. ಓದು ಮುಗಿಸಲಿ, ಅವಸರವಿಲ್ಲ ಎಂದರು. ಕುಬಸದ ಸುದ್ದಿ ಅಲ್ಲಿಯವರೆಗೂ ಹೋಗಿದೆ. ದೇವಿ ಬಂದು ಹೋದ ಮನೆ ಎಂದೇ ಬಂದದ್ದಂತೆ. ನಾನು ಚಾಪೆಯ ಮೇಲೆ ಕುಳಿತು ಕೂಸಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಎಡಗೈ ಹಿಡಿದು ಕಿವಿಯವರೆಗೆ ಎತ್ತಬೇಕು, ಮೆಲ್ಲಗೆ ಇಳಿಸಬೇಕು. ಬಿಟ್ಟರೆ ತಾನಾಗಿಯೇ ಬೀಳುತ್ತದೆ.

"ಕೂಸಿಗೆ ಏನಾತ್ರಿ?" ಎಂದರು ಹುಡುಗನ ತಾಯಿ.

"ಎತ್ತೂಮುಂದ ಆಯಾ ಜಗ್ಗಿದ್ಲ್ರಿ," ಎಂದೆ. "ಆರಾಮ ಆಗತೈತಿ."

ಅವರು ಚಹಾದ ಬಸಿಯನ್ನು ಕೆಳಗಿಟ್ಟು, ಅವ್ವನ ಕಡೆ ಸ್ವಲ್ಪ ಬಾಗಿ, ದನಿ ಇಳಿಸಿದರು. "ಕೇಳಬಾರದು, ಆದ್ರೂ ಈಗಿನ ಕಾಲದಾಗ ಕೇಳಬೇಕಾಗತೈತಿ ನೋಡ್ರಿ. ನಿಮ್ಮ ಮನ್ಯಾಗ ಬಿ.ಪಿ., ಸಕ್ಕರಿ, ಅಂಥಾದ್ದೇನರೆ..."

ಅವ್ವ ಬಾಯಿ ತೆರೆಯುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅಕ್ಕ ಕೊಡದಿಂದ ನೀರು ತುಂಬಿಕೊಳ್ಳುವ ಸದ್ದು.

"ಇಲ್ರಿ," ಎಂದೆ ನಾನು. "ನಮ್ಮ ಮನ್ಯಾಗ ಯಾರಿಗೂ ಇಲ್ಲ."

ಅವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಯಾಕೋ ಗೊತ್ತಿಲ್ಲ.

ನಾಳೆ ಬಯೋಕೆಮಿಸ್ಟ್ರಿ ಪರೀಕ್ಷೆ. ಇನ್ಸುಲಿನ್ ಪ್ರಶ್ನೆ ಬಂದೇ ಬರುತ್ತದೆ ಎಂದು ಎಲ್ಲರೂ ಅನ್ನುತ್ತಿದ್ದಾರೆ. ಎಲ್ಲ ಓದಿದ್ದೇನೆ. ಮೊದಲಿನ ಹಾಗೆ ಹೆದರಿಕೆಯೇನೂ ಇಲ್ಲ. ಈಗ ಬರೆಯುವಾಗಲೂ ನೋಡಿದೆ, ಕೈ ಒಂದಿಷ್ಟೂ ನಡುಗುತ್ತಿಲ್ಲ.